ನೂರ ಎಪ್ಪತ್ತು ಡಾಲರಿನ ಚರಿತ್ರೆ

1847ರ ಮಾರ್ಚ್ 23ರಂದು, ಈಗ ಅಮೆರಿಕದ ಒಕ್ಲಹೋಮ ರಾಜ್ಯಕ್ಕೆ ಸೇರಿರುವ ಸ್ಕಲಿವಿಲ್‌ನಲ್ಲಿ ಕೂಡಿದ್ದ ಸಭೆಯೊಂದು ಐರ್ಲೆಂಡಿನ ಕ್ಷಾಮಪೀಡಿತರಿಗಾಗಿ 170 ಡಾಲರ್ ವಂತಿಗೆ ಎತ್ತಿತು. ಕೊಟ್ಟವರಲ್ಲಿ ಹೆಚ್ಚಿನವರು ಚಾಕ್ಟಾ ಜನಾಂಗದವರು, ಅಂದರೆ ಮಿಸಿಸಿಪಿ ನದಿಯ ಪೂರ್ವಕ್ಕಿದ್ದ ತಮ್ಮ ನೆಲದಿಂದ ಹದಿನೈದು ವರ್ಷಗಳ ಹಿಂದಷ್ಟೇ ಒಕ್ಕಲೆಬ್ಬಿಸಿಕೊಂಡು ಬಂದಿದ್ದ ಮೂಲನಿವಾಸಿಗಳು. ಅರ್ಕನ್ಸಾದ ಪತ್ರಿಕೆಯೊಂದು ಆಗ ಅಚ್ಚುಮಾಡಿದ ಈ ಪುಟ್ಟ ಸುದ್ದಿ ಮುಂದೆ ಎರಡು ಜನಾಂಗಗಳ ನಡುವಿನ ನಂಟಿಗೆ ಆಧಾರವಾಯಿತು.

ಮೂಲನಿವಾಸಿಗಳನ್ನು ನದಿಯ ಪಶ್ಚಿಮಕ್ಕೆ ಸಾಗಿಸುವ ಕಾಯಿದೆಗೆ 1830ರಲ್ಲಿ ಸಹಿ ಹಾಕಿದ ಅಧ್ಯಕ್ಷ ಆ್ಯಂಡ್ರೂ ಜಾಕ್ಸನ್‌ನ ತಂದೆತಾಯಿಗಳು ಐರ್ಲೆಂಡಿನ ಉತ್ತರ ಭಾಗದಿಂದ ವಲಸೆ ಬಂದವರೇ ಆಗಿದ್ದರೆಂಬುದು ಈ ಪ್ರಸಂಗದ ವಿಪರ್ಯಾಸ. ಅದೇ ವರ್ಷದ ಸೆಪ್ಟೆಂಬರಿನ ಒಪ್ಪಂದದಿಂದ ಚಾಕ್ಟಾ ಜನರು ಸುಮಾರು 1 ಕೋಟಿ 10 ಲಕ್ಷ ಎಕರೆ ಭೂಮಿಯನ್ನು ಕಳೆದುಕೊಂಡರು. 1831ರಿಂದ 1833ರವರೆಗಿನ ಪ್ರಯಾಣದಲ್ಲಿ ಚಳಿ, ಹಸಿವು ಮತ್ತು ಕಾಲರಾಗಳಿಗೆ ಸಾವಿರಾರು ಮಂದಿ ಬಲಿಯಾದರು. ಫ್ರಾನ್ಸಿನ ರಾಜಕೀಯ ಚಿಂತಕ ಅಲೆಕ್ಸಿ ಡ ಟಾಕ್‌ವಿಲ್ 1831ರ ಚಳಿಗಾಲದಲ್ಲಿ ಮೆಂಫಿಸ್ ಪಟ್ಟಣದ ಬಳಿ ಈ ಜನ ನದಿ ದಾಟುವುದನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ: ದೋಣಿ ಹತ್ತಿದವರು ಅಳಲಿಲ್ಲ, ಮಾತನಾಡಲಿಲ್ಲ, ದಡದಲ್ಲಿ ಉಳಿದ ಅವರ ನಾಯಿಗಳು ಮಾತ್ರ ಒಡೆಯರು ತಮ್ಮನ್ನು ಬಿಟ್ಟುಹೋಗುತ್ತಿದ್ದಾರೆಂದು ತಿಳಿದು ಊಳಿಟ್ಟು, ಹಿಮಗಡ್ಡೆ ತೇಲುತ್ತಿದ್ದ ನೀರಿಗೆ ಧುಮುಕಿ ಈಜತೊಡಗಿದವು.

ಐರ್ಲೆಂಡಿನ ಕ್ಷಾಮಕ್ಕೆ 1845ರಲ್ಲಿ ಕಾಣಿಸಿಕೊಂಡ ಆಲೂಗಡ್ಡೆಯ ಅಂಗಮಾರಿ ರೋಗ ನೆಪವಾದರೂ, ತುಂಡು ನೆಲದ ಗೇಣಿದಾರರು ಒಂದೇ ಬೆಳೆಯನ್ನು ನಂಬಿ ಬದುಕಬೇಕಾಗಿದ್ದ ಭೂವ್ಯವಸ್ಥೆಯೂ, ಜನ ಸಾಯುತ್ತಿದ್ದಾಗಲೂ ಧಾನ್ಯದ ರಫ್ತನ್ನು ತಡೆಯದ ಬ್ರಿಟಿಷ್ ಸರ್ಕಾರದ ನೀತಿಯೂ ಅದನ್ನು ಮಹಾಕ್ಷಾಮವಾಗಿಸಿದವು. ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಐರ್ಲೆಂಡಿಗೆ ಮೊದಮೊದಲು ನೆರವಿನ ಹಣ ಕಳಿಸಿದ ಊರುಗಳಲ್ಲಿ ಭಾರತದ ಕಲ್ಕತ್ತವೂ ಒಂದು; ಅಮೆರಿಕದಲ್ಲೂ ಹಣ ಕೂಡಿಸಲಾಯಿತು. ಮೆಂಫಿಸ್‌ನ ಪರಿಹಾರ ಸಮಿತಿಯ ಮನವಿಪತ್ರ ಸ್ಕಲಿವಿಲ್ ತಲುಪಿದಾಗ, ಚಾಕ್ಟಾ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ ಸರ್ಕಾರಿ ಅಧಿಕಾರಿ ವಿಲಿಯಂ ಆರ್ಮ್‌ಸ್ಟ್ರಾಂಗ್ ಅಲ್ಲಿ ಕೂಡಿದ ಸಭೆಯ ಅಧ್ಯಕ್ಷತೆ ವಹಿಸಿದನು. ಸಭೆಯಲ್ಲಿ ಮಿಷನರಿಗಳೂ ವರ್ತಕರೂ ಇದ್ದುದರಿಂದ ಇಡೀ ಮೊತ್ತವನ್ನು ಚಾಕ್ಟಾಗಳ ಲೆಕ್ಕಕ್ಕೇ ಬರೆಯಲಾಗದು. ಆ ಕಾಲಕ್ಕೆ ಚಾಕ್ಟಾ ಸಿರಿವಂತರ ಮನೆಗಳಲ್ಲಿ ಆಫ್ರಿಕನ್ ಮೂಲದ ಗುಲಾಮರಿದ್ದರೆಂಬುದನ್ನೂ ಈ ಕಥೆಯನ್ನು ಅಕ್ಕರೆಯಿಂದ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಆದರೂ ನೆಲೆ ಕಳೆದುಕೊಂಡ ನೋವು ಆರದ ಜನ ಕಂಡರಿಯದ ದೇಶದವರಿಗಾಗಿ ಕೈಬಿಚ್ಚಿದರೆಂಬ ಮಾತು ಇದರಿಂದ ಸುಳ್ಳಾಗುವುದಿಲ್ಲ.

ಬಹುಕಾಲ ಮರೆವಿಗೆ ಸಂದಿದ್ದ ಈ ಸಂಗತಿ ಇಪ್ಪತ್ತನೆಯ ಶತಮಾನದಲ್ಲಿ ಪುಸ್ತಕಗಳಲ್ಲಿ ಮತ್ತೆ ಕಾಣಿಸಿಕೊಂಡಾಗ, ಅಂಕಿಗಳು ಹಿಂದುಮುಂದಾಗಿ 170 ಎಂಬುದು 710 ಆಗಿತ್ತು, ಮತ್ತು ಆ ತಪ್ಪೇ ದಶಕಗಳ ಕಾಲ ಸತ್ಯವಾಗಿ ಚಲಾವಣೆಯಲ್ಲಿತ್ತು. 1990ರಲ್ಲಿ ಚಾಕ್ಟಾ ಪ್ರತಿನಿಧಿಗಳು ಐರ್ಲೆಂಡಿನ ಮೇಯೊ ಕೌಂಟಿಯಲ್ಲಿ ಕ್ಷಾಮದ ಸ್ಮರಣೆಗಾಗಿ ನಡೆಯುವ ಪಾದಯಾತ್ರೆಯಲ್ಲಿ ಪಾಲ್ಗೊಂಡರು. 1992ರಲ್ಲಿ ಐರಿಷ್ ಯಾತ್ರಿಕರು, ಚಾಕ್ಟಾಗಳು ಬಂದ ದಾರಿಯನ್ನೇ ಹಿಂದುಮುಂದಾಗಿ ಹಿಡಿದು ಒಕ್ಲಹೋಮದಿಂದ ಮಿಸಿಸಿಪಿಯವರೆಗೆ ಸುಮಾರು 500 ಮೈಲಿ ನಡೆದು, ಹಳೆಯ ಕೊಡುಗೆಯ ಒಂದೊಂದು ಡಾಲರಿಗೆ ಸಾವಿರದಂತೆ ಸೊಮಾಲಿಯಾದ ಕ್ಷಾಮಪೀಡಿತರಿಗಾಗಿ ಹಣ ಕೂಡಿಸಲು ಹೊರಟರು. ಅವರು ಲೆಕ್ಕಕ್ಕೆ ಹಿಡಿದದ್ದು 710ನ್ನೇ ಆದ್ದರಿಂದ, ಮುದ್ರಣದ ತಪ್ಪೊಂದು ಹಸಿದವರ ಪಾಲಿಗೆ ಇಷ್ಟು ಲಾಭದಾಯಕವಾದ ನಿದರ್ಶನ ಅಪರೂಪ.

ಕಾರ್ಕ್ ಕೌಂಟಿಯ ಮಿಡಲ್‌ಟನ್ ಪಟ್ಟಣದಲ್ಲಿ 2017ರಲ್ಲಿ ಅನಾವರಣಗೊಂಡ ಅಲೆಕ್ಸ್ ಪೆಂಟೆಕ್ ಅವರ ಶಿಲ್ಪದಲ್ಲಿ, ತುಕ್ಕುಹಿಡಿಯದ ಉಕ್ಕಿನ ಒಂಬತ್ತು ಹದ್ದಿನ ಗರಿಗಳು ಇಪ್ಪತ್ತು ಅಡಿ ಎತ್ತರಕ್ಕೆ ವೃತ್ತಾಕಾರವಾಗಿ ಬಾಗಿ ನಿಂತು ಬರಿದಾದ ಬಟ್ಟಲಿನ ಆಕಾರ ತಳೆದಿವೆ. 2020ರ ಕೋವಿಡ್ ಕಾಲದಲ್ಲಿ ನವಾಹೊ ಮತ್ತು ಹೋಪಿ ಜನಾಂಗಗಳಿಗಾಗಿ ತೆರೆದ ನಿಧಿಗೆ ಸಾವಿರಾರು ಐರಿಷ್ ದಾನಿಗಳು ಹಣ ಕಳಿಸುತ್ತ 1847ರ ಋಣವನ್ನು ನೆನೆದರು. ಋಣ ಚಾಕ್ಟಾಗಳದ್ದಾದರೆ ಸಂದಾಯವಾದದ್ದು ಬೇರೆ ಜನಾಂಗಗಳಿಗೆ ಎಂಬುದನ್ನು ಯಾರೂ ಕೊರತೆಯೆಂದು ಎಣಿಸಲಿಲ್ಲ. 2018ರಲ್ಲಿ ಐರ್ಲೆಂಡಿನ ಪ್ರಧಾನಿ ಲಿಯೊ ವರಾಡ್ಕರ್ ಒಕ್ಲಹೋಮಕ್ಕೆ ಬಂದಾಗ ಪ್ರಕಟಿಸಿದ ವಿದ್ಯಾರ್ಥಿವೇತನ ಪಡೆದು ಚಾಕ್ಟಾ ಯುವಜನರು ಕಾರ್ಕ್‌ನ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಿದ್ದಾರೆ.