ಯೂಸ್‌ನೆಟ್ ಸರ್ವರ್‌ಗಳ ಹಿಸ್ಟರಿ ಕಡತ ಮತ್ತು ಹಳೆಯ ಲೇಖನಗಳ ವಿಲೇವಾರಿ

ಚರ್ಚಾ ಗುಂಪುಗಳ ಜಾಲವಾದ ಯೂಸ್‌ನೆಟ್‌ಗೆ ಕೇಂದ್ರ ಕಚೇರಿ ಎಂಬುದಿಲ್ಲ. ಪ್ರತಿ ಸರ್ವರೂ ಬಂದ ಲೇಖನದ ಪ್ರತಿ ಇಟ್ಟುಕೊಂಡು ನೆರೆಯ ಸರ್ವರ್‌ಗಳಿಗೆ ದಾಟಿಸುತ್ತದೆ. ಹೀಗಾಗಿ ನಿರ್ವಾಹಕರಿಗೆ ಮೊದಲಿನಿಂದಲೂ ಎರಡು ತಲೆನೋವು: ಡಿಸ್ಕ್ ತುಂಬದಂತೆ ಹಳೆಯದನ್ನು ಅಳಿಸುವುದು, ಅಳಿಸಿದ್ದು ಬೇರೆ ದಾರಿಯಿಂದ ಮತ್ತೆ ಒಳಬರದಂತೆ ತಡೆಯುವುದು. ಎರಡನೆಯದೇ ಹೆಚ್ಚು ನಾಜೂಕಿನದು.

1979ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲಿಸ್ ಈ ಜಾಲದ ಯೋಜನೆ ಹಾಕಿದಾಗ ದಿನಕ್ಕೆ ಬೆರಳೆಣಿಕೆಯ ಲೇಖನಗಳಷ್ಟೇ ಅವರ ಕಣ್ಣ ಮುಂದಿದ್ದವು. ಲೆಕ್ಕ ಬೇಗನೆ ತಪ್ಪಿತು. ಬಿ ನ್ಯೂಸ್ ತಂತ್ರಾಂಶ ಹೊರೆ ತಾಳಲಾರದೆ ಹೋದಾಗ ಟೊರಾಂಟೊ ವಿಶ್ವವಿದ್ಯಾಲಯದ ಜೆಫ್ ಕಾಲಿಯರ್ ಮತ್ತು ಹೆನ್ರಿ ಸ್ಪೆನ್ಸರ್ 1987ರಲ್ಲಿ ಸಿ ನ್ಯೂಸ್ ಅನ್ನು ಮುಂದಿಟ್ಟರು. ಜಾನ್ ಝೀಫ್ ಬರೆದು ಸ್ಪೆನ್ಸರ್ ತಿದ್ದಿದ ಡಿಬಿಝಡ್ ಎಂಬ ಸೂಚಿ, ಬಂದ ಲೇಖನಗಳ ದಾಖಲೆಯಾದ ಹಿಸ್ಟರಿ ಕಡತದ ಹುಡುಕಾಟವನ್ನು ಚುರುಕಾಗಿಸಿತು. 1992ರಲ್ಲಿ ರಿಚ್ ಸಾಲ್ಝ್ ಅವರ ಐಎನ್‌ಎನ್ ಎಂಬ ಸರ್ವರ್ ತಂತ್ರಾಂಶ ಬಂತು.

ಐಎನ್‌ಎನ್‌ನ ಹಿಸ್ಟರಿ ಕಡತದಲ್ಲಿ ಲೇಖನಕ್ಕೊಂದು ಸಾಲು: ಲೇಖನದ ಗುರುತಾದ ಮೆಸೇಜ್-ಐಡಿ, ದಿನಾಂಕಗಳು, ಲೇಖನ ಇರುವ ಜಾಗ. ನೆರೆಯ ಸರ್ವರ್ ‘ಈ ಐಡಿಯದು ನನ್ನಲ್ಲಿದೆ, ಬೇಕೆ?’ ಎಂದಾಗ ಇದನ್ನೇ ನೋಡಿ ಉತ್ತರ ಹೋಗುತ್ತದೆ. 335 ಎಂದರೆ ಕಳಿಸು, 435 ಎಂದರೆ ಬೇಡ. ಯಾವ ಗುಂಪಿನ ಲೇಖನ ಎಷ್ಟು ದಿನ ಉಳಿಯಬೇಕೆಂಬುದನ್ನು ಇನ್ನೊಂದು ಕಡತ ಹೇಳುತ್ತದೆ. ಲೇಖಕರೇ ಅವಧಿ ಬರೆದಿದ್ದರೆ ಅದಕ್ಕೂ ಕನಿಷ್ಠ, ಗರಿಷ್ಠ ಮಿತಿಗಳುಂಟು. ಲೇಖನ ಅಳಿದ ಮೇಲೂ ಅದರ ಐಡಿ ಕೆಲದಿನ ಉಳಿಯಬೇಕು. ಈಚಿನ ಐಎನ್‌ಎನ್ 10 ದಿನ ಮೀರಿದ ಲೇಖನ ಒಲ್ಲೆನ್ನುತ್ತದೆ, ಐಡಿಯನ್ನು 11 ದಿನ ನೆನಪಿಡುತ್ತದೆ. ಈ ಒಂದು ದಿನದ ಅಂತರ ಕಡೆಗಣಿಸಿದರೆ ಸತ್ತ ಲೇಖನಗಳು ಹೊಸದಾಗಿ ಎದ್ದು ಬರುತ್ತವೆ. ಸ್ಕಾಟ್ ಫ್ರಿಚಿ 1997ರಲ್ಲಿ ವಿವರಿಸಿದ ಚಕ್ರೀಯ ಸಂಗ್ರಹದಲ್ಲಿ ಅಳಿಸುವ ಗೋಜೇ ಇಲ್ಲ. ಜಾಗ ಮುಗಿದರೆ ಹೊಸದು ಹಳೆಯದರ ಮೇಲೆ ಕೂರುತ್ತದೆ.

ಕನ್ನಡಿಗರ ಸಾಕ್.ಕಲ್ಚರ್.ಇಂಡಿಯನ್.ಕರ್ನಾಟಕ ಗುಂಪಿಗೂ ಇದೇ ನಿಯಮ. ಅಲ್ಲಿ ಕನ್ನಡವನ್ನು ರೋಮನ್ ಅಕ್ಷರದಲ್ಲಿ ಬರೆಯುತ್ತಿದ್ದರು. ಭಾರತದಲ್ಲಿ ಸಾರ್ವಜನಿಕ ಇಂಟರ್ನೆಟ್ ಬಂದದ್ದು 1995ರ ಆಗಸ್ಟ್ 15ರಂದು.  ಹಾನಗಲ್ಲ, ಸವಣೂರಿನಂಥ ಊರುಗಳಿಗೆ ಸಂಪರ್ಕ ಬರುವಷ್ಟರಲ್ಲಿ ಯೂಸ್‌ನೆಟ್‌ನ ಭರಾಟೆ ಇಳಿದಿತ್ತು.

ಅಳಿಸುವುದೇ ರೂಢಿಯಾಗಿದ್ದ ಕಾಲದಲ್ಲಿ ಸ್ಪೆನ್ಸರ್ 1981ರಿಂದ ಒಂದು ದಶಕ ಲೇಖನಗಳನ್ನು ಟೇಪುಗಳಿಗೆ ಇಳಿಸಿಟ್ಟರು. 1995ರಲ್ಲಿ ಡೇಜಾ ನ್ಯೂಸ್ ಹುಡುಕಬಲ್ಲ ಸಂಗ್ರಹ ತೆರೆಯಿತು; ಗೂಗಲ್ ಅದನ್ನು 2001ರಲ್ಲಿ ಕೊಂಡು ಸ್ಪೆನ್ಸರ್ ಟೇಪುಗಳನ್ನೂ ಸೇರಿಸಿಕೊಂಡಿತು. 2024ರ ಫೆಬ್ರವರಿಯಿಂದ ಗೂಗಲ್ ಗ್ರೂಪ್ಸ್ ಯೂಸ್‌ನೆಟ್‌ನ ಹೊಸ ಲೇಖನಗಳನ್ನು ಸ್ವೀಕರಿಸುತ್ತಿಲ್ಲ. ಹಳೆಯವು ಓದಲು ಸಿಗುತ್ತವೆ.