ಕುದುರೆಯ ಬಾಲಕ್ಕೂ ಲೆಕ್ಕ ಇತ್ತು!

ವೀಕ್ಷಕರೇ, ಸತ್ತ ಕುದುರೆಗೆ ಯಾರಾದ್ರೂ ದುಡ್ಡು ಕೊಡ್ತಾರಾ? ನಮ್ಮ ವಿಜಯನಗರದ ಒಬ್ಬ ರಾಜ ಕೊಟ್ಟಿದ್ದ!

ಆತ ಸಾಳುವ ನರಸಿಂಹ. 1485ರಲ್ಲಿ ಸಿಂಹಾಸನ ಏರಿದವನು. ಯುದ್ಧಕ್ಕೆ ಕುದುರೆ ಬೇಕು, ಒಳ್ಳೆಯ ಕುದುರೆ ಬರೋದು ಹೋರ್ಮುಜ್, ಏಡನ್ ಕಡೆಯಿಂದ. ಹಡಗಿನಲ್ಲಿ ಎಷ್ಟೋ ಕುದುರೆ ದಾರಿಯಲ್ಲೇ ಸಾಯ್ತಿದ್ದವು. ನಷ್ಟಕ್ಕೆ ಹೆದರಿ ವ್ಯಾಪಾರಿ ಬರೋದನ್ನೇ ಬಿಟ್ಟರೆ? ಅದಕ್ಕೆ ರಾಜ ಒಂದು ದರ ಕಟ್ಟಿದ. ಸತ್ತಿರಲಿ, ಬದುಕಿರಲಿ, ಮೂರು ಕುದುರೆಗೆ ಸಾವಿರ ವರಹ. ಸಮುದ್ರದಲ್ಲಿ ಸತ್ತರೆ ಬಾಲ ತಂದು ತೋರಿಸಿದರೆ ಸಾಕು, ಪೂರ್ತಿ ಹಣ! ಇದನ್ನು ಬರೆದಿಟ್ಟವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್.

ರಾಜ ಧರ್ಮಾತ್ಮ ಅಂತ ಹೇಳ್ತಿಲ್ಲ. ಅವನಿಗೆ ಕುದುರೆಯ ಗರಜು ಇತ್ತು. ಆದರೆ ಸಾಗಾಟದ ಮೊದಲ ಪಾಠ ಅವನಿಗೆ ಗೊತ್ತಿತ್ತು: ದಾರಿಯ ನಷ್ಟ ಯಾರ ತಲೆಗೆ ಅನ್ನೋದು ಮೊದಲೇ ತೀರ್ಮಾನ ಆಗಬೇಕು, ಆಮೇಲೆ ಲೆಕ್ಕಕ್ಕೆ ಸಾಕ್ಷಿ ಬೇಕು.

ರಾಜಧಾನಿ ಬಂಡೆಗಳ ನಡುವೆ. ಸಮುದ್ರವೋ, ಘಟ್ಟದ ಆಚೆ. ಭಟ್ಕಳದ ಬಂದರಿಗೆ ವರ್ಷಕ್ಕೆ ಐದಾರು ಸಾವಿರ ಹೇರೆತ್ತುಗಳು ಬರ್ತಿದ್ದವು, ಇಪ್ಪತ್ತು ಮೂವತ್ತು ಎತ್ತಿಗೆ ಒಬ್ಬ ಆಳು ಅಂತ ಬರೀತಾನೆ 1520ರ ಹೊತ್ತಿಗೆ ಬಂದ ಪಯಸ್. ಅದೇ ಕಾಲದಲ್ಲಿ ಕೃಷ್ಣದೇವರಾಯ ಒಂದು ಹೊಸ ಊರು ಕಟ್ಟಿಸಿದ. ನಾಗಲಾಪುರ. ಅದೇ ಇವತ್ತಿನ ಹೊಸಪೇಟೆ. ಪಶ್ಚಿಮ ಕರಾವಳಿಯಿಂದ ಬಂದವರಿಗೆ ರಾಜಧಾನಿಯ ಹೆಬ್ಬಾಗಿಲೇ ಈ ಪೇಟೆ.

ಈಗ ಐನೂರು ವರ್ಷ ದಾಟಿ ಬನ್ನಿ. ಚೀನಾದಲ್ಲಿ 2008ರ ಒಲಿಂಪಿಕ್ಸ್‌ಗೆ ಕಟ್ಟಡಗಳು ಏಳ್ತಿದ್ದ ಕಾಲ. ಸಂಡೂರಿನ ಗುಡ್ಡದ ಮಣ್ಣಿಗೆ ಚಿನ್ನದ ಬೆಲೆ! ಹೊಸಪೇಟೆ ಮೇಲೆ ಹಾದು ಅಂಕೋಲಾಕ್ಕೆ ಹೋಗುವ ಹೆದ್ದಾರಿ, ಆಗಿನ ನಂಬರ್ 63, ಅದಿರಿನ ಲಾರಿಗಳ ಪಾಲಾಯಿತು. ಅವೂ ಹೊರಟಿದ್ದು ಅದೇ ಕರಾವಳಿಗೆ, ಬೇಲೆಕೇರಿ ಬಂದರಿಗೆ. ಬೇರೆ ಏನಿತ್ತು ಹೇಳಿ? ಲೆಕ್ಕ ಇರಲಿಲ್ಲ. ಪರ್ಮಿಟ್ಟೇ ಇಲ್ಲದ ಲಾರಿ, ಪರ್ಮಿಟ್ ಇದ್ದರೂ ಅದರಲ್ಲಿ ಬರೆದದ್ದಕ್ಕಿಂತ ಹೆಚ್ಚು ಹೇರಿದ ಲಾರಿ. 2006ರಿಂದ 2010ರವರೆಗೆ 2.98 ಕೋಟಿ ಟನ್ ಅದಿರು ಅಕ್ರಮವಾಗಿ ರಫ್ತಾಗಿದೆ ಅಂತ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ ಹೇಳಿತು.

2010ರ ಮಾರ್ಚ್‌ನಲ್ಲಿ ಅರಣ್ಯ ಇಲಾಖೆ ಬೇಲೆಕೇರಿಯಲ್ಲಿ ಅದಿರು ಜಪ್ತಿ ಮಾಡಿತು. ಆಮೇಲೆ ಏನಾಯ್ತು? ಸರ್ಕಾರದ ವಶದಲ್ಲಿದ್ದ ರಾಶಿಯಿಂದಲೇ ಲಕ್ಷಗಟ್ಟಲೆ ಟನ್ ಮಾಯ! ಸಮುದ್ರದಲ್ಲಿ ಸತ್ತ ಕುದುರೆಯ ಬಾಲವಾದರೂ ರಾಜನ ಕೈ ಸೇರ್ತಿತ್ತು. ಪ್ರಜೆಯ ಕೈಗೆ ಇಲ್ಲಿ ಬಾಲವೂ ಸಿಗಲಿಲ್ಲ.

2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಲೇಬೇಕಿತ್ತು. ಆದರೆ ಆ ದಿನ ದಂಡ ತೆತ್ತವರು ಯಾರು? ಸಾಲ ಮಾಡಿ ಒಂದು ಲಾರಿ ಕೊಂಡವನು, ಡ್ರೈವರ್, ಕ್ಲೀನರ್, ಪಂಕ್ಚರ್ ಅಂಗಡಿಯವನು, ರಸ್ತೆ ಬದಿ ಊಟ ಬಡಿಸುತ್ತಿದ್ದ ತಾಯಿ. ಅದಕ್ಕೂ ಮೊದಲು ವರ್ಷಗಟ್ಟಲೆ ಕೆಂಪು ಧೂಳು ಉಂಡವರು ರಸ್ತೆ ಪಕ್ಕದ ರೈತರು. ಲಾಭ ಹಡಗು ಹತ್ತಿತು, ನಷ್ಟ ಮಾತ್ರ ಹೊಸಪೇಟೆಯಲ್ಲೇ ಇಳೀತು.

2013ರಲ್ಲಿ ಷರತ್ತಿನ ಮೇಲೆ ಗಣಿ ಮತ್ತೆ ತೆರೆಯಲು ಕೋರ್ಟ್ ದಾರಿ ಬಿಟ್ಟಿತು. ಲಾರಿಗಳು ಮತ್ತೆ ಓಡ್ತಿವೆ. ಓಡಲಿ, ಊರಿಗೆ ಅನ್ನ ಬೇಕು. ಆದರೆ ಪ್ರತಿ ಲಾರಿಯ ಹಿಂದೆ ಒಂದು ಪ್ರಶ್ನೆಯೂ ಓಡಲಿ ವೀಕ್ಷಕರೇ: ಈ ದಾರಿಯ ನಷ್ಟ ಯಾರ ತಲೆಗೆ? ಸಾಳುವ ನರಸಿಂಹ ಉತ್ತರ ಕೊಟ್ಟಿದ್ದ. ನಮ್ಮ ಸರ್ಕಾರಗಳು ಯಾವಾಗ ಕೊಡ್ತವೆ?