ಚಳಿಗಾಲದ ಟೈರಿನ ಆಯ್ಕೆ: ಒಂದು ಐತಿಹಾಸಿಕ ವಿವೇಚನೆ

ಹಿಮ ಬೀಳುವ ನಾಡುಗಳಲ್ಲಿ ಮೋಟಾರು ವಾಹನವುಳ್ಳವರು ಚಳಿಗಾಲ ಸಮೀಪಿಸುತ್ತಿದ್ದಂತೆ ಗಾಲಿಗಳಿಗೆ ಬೇರೆ ಟೈರುಗಳನ್ನು ತೊಡಿಸುತ್ತಾರೆ. ಯಾವ ಟೈರನ್ನು ಆರಿಸಬೇಕೆಂಬುದು ಕೊಳ್ಳುವವನಿಗೂ ಅಂಗಡಿಯವನಿಗೂ ಸಂಬಂಧಪಟ್ಟ ವ್ಯವಹಾರವೆಂದೇ ಸಾಮಾನ್ಯ ಭಾವನೆ. ಈ ಟೈರುಗಳ ಇತಿಹಾಸವನ್ನು ಹೇಳುವಾಗಲೂ ತಯಾರಕರ ಶೋಧಗಳನ್ನು ವರ್ಷಾನುಕ್ರಮವಾಗಿ ಜೋಡಿಸುವುದು ರೂಢಿಯಾಗಿದೆ: ಮೊದಲು ಸರಪಳಿ, ಅನಂತರ ಹಿಮದ ಟೈರು, ಆಮೇಲೆ ಮೊಳೆಯ ಟೈರು, ಕಡೆಗೆ ಮೊಳೆಯಿಲ್ಲದ ಮೃದುವಾದ ಟೈರು. ಅನುಕ್ರಮವೇನೋ ಸರಿಯೇ. ಆದರೆ ಜನರು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದುದೇಕೆ ಎಂಬ ಪ್ರಶ್ನೆಗೆ ಇದರಿಂದ ಉತ್ತರ ದೊರೆಯದು. ಜಪಾನಿನಲ್ಲಿ ಮೊಳೆಯ ಟೈರು ಕಣ್ಮರೆಯಾದುದು ಮಂಜುಗಡ್ಡೆಯ ಮೇಲೆ ಅದಕ್ಕಿಂತ ಬಿಗಿಯಾದ ಹಿಡಿತವುಳ್ಳ ಟೈರು ಹುಟ್ಟಿತೆಂಬ ಕಾರಣದಿಂದಲ್ಲ. ರಸ್ತೆಯ ಮಗ್ಗುಲಲ್ಲಿ ಬಾಳುತ್ತಿದ್ದವರು ಅದನ್ನು ಸಹಿಸದೆ ಹೋದುದರಿಂದ. ಈ ಸಂಗತಿಯನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಹಿಮವನ್ನು ಕಾಣದ ನಾಡಿನ ವಿದ್ಯಾರ್ಥಿಗಳಿಗಾಗಿ ಒಂದೆರಡು ಮಾತುಗಳನ್ನು ಮೊದಲೇ ಹೇಳತಕ್ಕದ್ದು ಯುಕ್ತ. ಸಡಿಲವಾಗಿ ಬಿದ್ದ ಹಿಮವೂ ಹೆಪ್ಪುಗಟ್ಟಿದ ಮಂಜುಗಡ್ಡೆಯೂ ಗಾಲಿಗೆ ಒಡ್ಡುವ ಕಷ್ಟಗಳು ಒಂದೇ ಅಲ್ಲ. ಸಡಿಲ ಹಿಮದಲ್ಲಿ ಟೈರಿನ ಆಳವಾದ ಅಗಲ ಗೆರೆಗಳು ಹಿಮವನ್ನು ಕಚ್ಚಿ ಒತ್ತುತ್ತವೆ; ಗೆರೆಯೊಳಗೆ ಗಟ್ಟಿಯಾದ ಹಿಮವು ರಸ್ತೆಯ ಹಿಮವನ್ನು ಹಿಡಿಯುತ್ತದೆ. ಆದುದರಿಂದ ಹಿಮವು ತುಂಬಿಕೊಂಡ ಗೆರೆ ದೋಷವಲ್ಲ, ಗುಣವೇ. ಮಂಜುಗಡ್ಡೆಯ ಮೇಲೆ ಈ ಉಪಾಯ ನಡೆಯದು. ಅಲ್ಲಿ ಟೈರಿಗೂ ಗಡ್ಡೆಗೂ ನಡುವೆ ನೀರಿನ ತೆಳುವಾದ ಪೊರೆಯೊಂದು ನಿಲ್ಲುತ್ತದೆ. ಕೊರೆಯುವ ಚಳಿಗಿಂತ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿಯೇ ಜಾರಿಕೆ ಹೆಚ್ಚು. ಇದಕ್ಕೆ ಮದ್ದು ಎರಡು ಬಗೆ. ಗಡಸು ಲೋಹದ ಮೊನೆಯಿಂದ ಗಡ್ಡೆಯನ್ನು ಚುಚ್ಚುವುದು ಒಂದು. ಚಳಿಯಲ್ಲಿಯೂ ಮೆತ್ತಗಿರುವ ರಬ್ಬರಿನಲ್ಲಿ ಕೂದಲೆಳೆಯಂಥ ಸೀಳುಗಳನ್ನು ಕೊಯ್ದು ಆ ನೀರನ್ನು ಸರಿಸುವುದು ಇನ್ನೊಂದು. ಸಾಮಾನ್ಯ ಟೈರಿನ ರಬ್ಬರು ಚಳಿಗೆ ಬಿರುಸಾಗುತ್ತದೆ. 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದನ್ನು ಬಳಸಬಾರದೆಂಬ ಸೂತ್ರ ತಯಾರಕರಲ್ಲಿ ಪ್ರಚಲಿತವಾಗಿದೆ. ಅದನ್ನು ಅನುಕೂಲಕ್ಕಾಗಿ ಹಾಕಿಕೊಂಡ ಗೆರೆಯೆಂದು ಗ್ರಹಿಸಬೇಕೇ ಹೊರತು ಪ್ರಕೃತಿಯ ನಿಯಮವೆಂದಲ್ಲ.

ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಹ್ಯಾರಿ ವೀಡ್ ಎಂಬಾತನು 1904ರಲ್ಲಿ ಗಾಲಿಗೆ ಸುತ್ತುವ ಸರಪಳಿಗೆ ಪೇಟೆಂಟು ಪಡೆದನು. ಸರಪಳಿ ಇಂದಿಗೂ ಬಳಕೆಯಲ್ಲಿದೆ. ಆದರೆ ಅದನ್ನು ತೊಡಿಸಿ ಬಿಚ್ಚುವ ಶ್ರಮ ದೊಡ್ಡದು, ತೊಟ್ಟ ಗಾಲಿಯ ವೇಗ ಕಡಮೆ. ದಿನವಿಡೀ ಹಿಮದಲ್ಲಿ ಸಂಚರಿಸುವ ಲಾರಿಗೆ ಇದು ಒಗ್ಗದು. ಈ ಕೊರತೆಯನ್ನು ನೀಗಲು ಯತ್ನಿಸಿದುದು ಫಿನ್ಲೆಂಡಿನ ಒಂದು ರಬ್ಬರು ಕಾರ್ಖಾನೆ. 1898ರಲ್ಲಿ ಸ್ಥಾಪಿತವಾದ ಈ ಸಂಸ್ಥೆ ನೋಕಿಯಾ ಎಂಬ ಊರಿನಲ್ಲಿ ನೆಲೆಸಿತ್ತು. (1967ರಲ್ಲಿ ಇದೂ ಅದೇ ಊರಿನ ಹೆಸರು ಹೊತ್ತ ಕಾಗದದ ಉದ್ಯಮವೂ ಒಂದು ತಂತಿ ಕಾರ್ಖಾನೆಯೂ ಕೂಡಿ ಆದ ಕಂಪನಿಯೇ ಮುಂದೆ ಮೊಬೈಲು ಫೋನಿನ ಮೂಲಕ ನಮ್ಮ ಹಳ್ಳಿಗಳವರೆಗೂ ಹೆಸರಾದುದು.) 1934ರಲ್ಲಿ ಅದು ಅಡ್ಡ ಗೆರೆಗಳುಳ್ಳ ಲಾರಿಯ ಟೈರೊಂದನ್ನು ಹೊರತಂದಿತು. ಜಗತ್ತಿನ ಮೊದಲ ಚಳಿಗಾಲದ ಟೈರು ಇದೇ ಎಂಬ ಖ್ಯಾತಿಯಿದೆ. ಮೊದಲಿಗತನದ ವಾದವನ್ನು ಬೆಳೆಸುವುದರಲ್ಲಿ ನಮಗೆ ಆಸಕ್ತಿಯಿಲ್ಲ. ಹೆಸರು ಮಾತ್ರ ಸ್ವಾರಸ್ಯವಾಗಿದೆ. ‘ಕೆಲಿರೆಂಗಸ್’ ಎಂಬ ಆ ಹೆಸರಿನ ಪೂರ್ವಪದವಾದ ‘ಕೆಲಿ’ಗೆ ಫಿನ್ನಿಷ್ ಭಾಷೆಯಲ್ಲಿ ಹವೆಯಿಂದ ಒದಗಿದ ದಾರಿಯ ಸ್ಥಿತಿಯೆಂದರ್ಥ. ಹವೆಯನ್ನೂ ದಾರಿಯನ್ನೂ ಒಟ್ಟಾಗಿ ಹೇಳುವ ಇಂಥ ಪದ ಕನ್ನಡಕ್ಕೆ ಬೇಕಾಗಿ ಬಂದಿಲ್ಲ. 1936ರಲ್ಲಿ ಬಂದ ಕಾರಿನ ಟೈರಿಗೆ ‘ಹಕ್ಕಪೆಲೀಟ್ಟ’ ಎಂದು ಹೆಸರಿಟ್ಟರು. 1618ರಿಂದ 1648ರವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧದಲ್ಲಿ ಸ್ವೀಡನ್ನಿನ ದೊರೆ ಗುಸ್ತಾವಸ್ ಅಡಾಲ್ಫಸನ ಪಕ್ಷದಲ್ಲಿ ಕಾದಿದ ಫಿನ್ನಿಷ್ ರಾವುತರಿಗಿದ್ದ ಹೆಸರದು. ‘ಹೊಡೆ, ಮೇಲೆ ಬೀಳು’ ಎಂಬರ್ಥದ ಅವರ ರಣಘೋಷದಿಂದ ಹುಟ್ಟಿದುದು. 1917ರಲ್ಲಿ ಸ್ವತಂತ್ರವಾದ ಎಳೆಯ ರಾಷ್ಟ್ರವೊಂದು ಅಂಗಡಿಯ ಸರಕಿಗೂ ಚರಿತ್ರೆಯಿಂದ ಹೆಸರನ್ನು ತೆಗೆದುಕೊಂಡುದು ಗಮನಾರ್ಹವಾಗಿದೆ.

ಆ ಕಾಲದ ಉತ್ತರದ ರಸ್ತೆಗಳು ಚಳಿಗಾಲವಿಡೀ ಹಿಮ ಹೊದ್ದಿರುತ್ತಿದ್ದವು. ಎರಡನೆಯ ಮಹಾಯುದ್ಧದ ತರುವಾಯ ಎರಡು ಮಾರ್ಪಾಟುಗಳಾದುವು. ರಸ್ತೆಗಳಿಗೆ ಡಾಮರು ಬಂದಿತು. ಹಿಮವನ್ನು ಬಳಿದು ಉಪ್ಪು ಚೆಲ್ಲಿ ರಸ್ತೆಯನ್ನು ಬರಿದು ಮಾಡುವ ಪದ್ಧತಿಯೂ ಬೆಳೆಯಿತು. ಇದೇ ಸಮಯಕ್ಕೆ, 1950ರ ದಶಕದ ಕೊನೆಯಲ್ಲಿ ಮತ್ತು 1960ರ ದಶಕದಲ್ಲಿ, ಟಂಗ್‌ಸ್ಟನ್ ಕಾರ್ಬೈಡಿನ ಗಡಸು ಮೊನೆಯುಳ್ಳ ಮೊಳೆಗಳನ್ನು ಟೈರಿನಲ್ಲಿ ಕೂರಿಸುವ ಕ್ರಮ ಹರಡಿತು. ಮಂಜುಗಡ್ಡೆಯ ಮೇಲೆ ಈ ಮೊಳೆಗಳಿಂದ ದೊರೆತ ಭದ್ರತೆ ನಿಜವಾದುದು, ಅದನ್ನು ಅಲ್ಲಗಳೆಯಲಾಗದು. ಆದರೆ ಗಡ್ಡೆಯನ್ನು ಚುಚ್ಚಲೆಂದು ಮಾಡಿದ ಮೊಳೆ ಚಳಿಗಾಲದ ಹೆಚ್ಚು ದಿನಗಳಲ್ಲಿ ಬರಿಯ ಡಾಮರನ್ನೇ ಚುಚ್ಚತೊಡಗಿತು. ಕಬ್ಬಿಣದ ಪಟ್ಟೆಯ ಎತ್ತಿನ ಗಾಡಿ ಜಲ್ಲಿ ರಸ್ತೆಯನ್ನು ಕೊರೆಯುತ್ತದೆಂಬ ಹಳೆಯ ದೂರನ್ನು ಬಲ್ಲ ನಮ್ಮ ಓದುಗರಿಗೆ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಅಮೆರಿಕದ ಮಿನ್ನೆಸೋಟವೂ ಕೆನಡದ ಒಂಟಾರಿಯೋ ಪ್ರಾಂತವೂ 1971ರಲ್ಲಿ, ಪಶ್ಚಿಮ ಜರ್ಮನಿಯು 1975ರಲ್ಲಿ ಮೊಳೆಯ ಟೈರುಗಳನ್ನು ನಿಲ್ಲಿಸಿದುವು. ಅಲ್ಲಿ ಮುಖ್ಯವಾಗಿ ಎದ್ದ ಪ್ರಶ್ನೆ ರಸ್ತೆಯ ಸವೆತದ್ದು, ಎಂದರೆ ಬೊಕ್ಕಸದ್ದು.

ಜಪಾನಿನಲ್ಲಿ ಪ್ರಶ್ನೆ ಬೇರೆಯ ರೂಪ ತಾಳಿತು. ಈಶಾನ್ಯ ಭಾಗದ ದೊಡ್ಡ ನಗರವಾದ ಸೆಂಡಾಯಿಯು ಪೆಸಿಫಿಕ್ ಸಾಗರದ ಕಡೆಗಿದೆ. ಪಶ್ಚಿಮದ ಕರಾವಳಿಯಲ್ಲಿ ಆಳೆತ್ತರ ಬೀಳುವ ಹಿಮ ಬೆಟ್ಟಗಳನ್ನು ದಾಟಿ ಇಲ್ಲಿಗೆ ತಲಪುವುದು ಸ್ವಲ್ಪವೇ. ಚಳಿಗಾಲದ ಬಹುದಿನ ರಸ್ತೆಗಳು ಒಣಗಿಯೇ ಇರುತ್ತವೆ. ಆದರೆ ಬೆಳಗಿನ ಹೊತ್ತು ಅಲ್ಲಲ್ಲಿ ಗಡ್ಡೆ ಕಟ್ಟುವುದರಿಂದಲೂ ಬೆಟ್ಟದ ದಾರಿಗಳ ಭಯದಿಂದಲೂ ನಗರದ ವಾಹನಗಳು ತಿಂಗಳುಗಟ್ಟಲೆ ಮೊಳೆಯ ಟೈರುಗಳಲ್ಲಿಯೇ ಓಡುತ್ತಿದ್ದುವು. ಹೀಗಾಗಿ ಮೊಳೆಯ ಅಗತ್ಯ ಎಲ್ಲಿ ಕಡಮೆಯೋ ಅಲ್ಲಿಯೇ ಅದರ ಹಾನಿ ಮಿಕ್ಕು ಹರಿಯಿತು. ಅರೆದ ಡಾಮರಿನ ಧೂಳು ಬೀದಿಯನ್ನು ಕವಿಯಿತು. ಜನರು ಮುಖಕ್ಕೆ ಬಟ್ಟೆ ಕಟ್ಟಿ ನಡೆದರು. ಒಗೆದ ಬಟ್ಟೆಯನ್ನು ಹೊರಗೆ ಹರವುವಂತಿರಲಿಲ್ಲ. ಹಸುರು ಮರಗಳಿಗೆ ಹೆಸರಾದ ಊರನ್ನು ‘ಸೆಂಡಾಯಿ ಮರುಭೂಮಿ’ ಎಂದು ಕರೆಯುವಂತಾಯಿತು. 1980ರ ದಶಕದ ಆರಂಭದಲ್ಲಿ ದೂರು ಮೊದಲು ಕಾಣಿಸಿಕೊಂಡುದು ಸ್ಥಳೀಯ ಪತ್ರಿಕೆಯ ವಾಚಕರ ಪತ್ರಗಳಲ್ಲಿ. ವೈದ್ಯರೂ ವಕೀಲರೂ ಗೃಹಿಣಿಯರೂ ಅದನ್ನು ಮುಂದುವರಿಸಿದರು. ಬೀದಿ ನಾಯಿಗಳ ಶ್ವಾಸಕೋಶದಲ್ಲಿ ರಸ್ತೆಯ ಧೂಳು ಕಂಡುಬಂದಿತೆಂಬ ವರದಿ ಜನರ ಕಳವಳವನ್ನು ಹೆಚ್ಚಿಸಿತು. ಸೆಂಡಾಯಿಯನ್ನು ಒಳಗೊಂಡ ಮಿಯಾಗಿ ಪ್ರಾಂತ 1985ರಲ್ಲಿ ಮೊಳೆಯ ಟೈರನ್ನು ಹತೋಟಿಯಲ್ಲಿಡುವ ನಿಬಂಧನೆಯನ್ನು ರಚಿಸಿತು. ಜಪಾನಿನಲ್ಲಿ ಇಂಥದು ಇದೇ ಮೊದಲು.

ಮುಂದಿನ ಹಂತವನ್ನು ಸ್ವಲ್ಪ ಸೂಕ್ಷ್ಮವಾಗಿ ನೋಡಬೇಕು. ಸರಕಾರವು ಕಾಯಿದೆಯಿಂದ ಮೊಳೆಯ ಟೈರನ್ನು ಬಹಿಷ್ಕರಿಸಿತೆಂದು ಸಂಕ್ಷೇಪವಾಗಿ ಹೇಳುವ ವಾಡಿಕೆಯುಂಟು. ವಾಸ್ತವವಾಗಿ ಅಲ್ಲಿ ಎರಡು ಸಾಧನಗಳು ಕೆಲಸ ಮಾಡಿದುವು. ನಾಗಾನೊ ಪ್ರಾಂತದ ವಕೀಲರು ಟೈರು ತಯಾರಕರ ವಿರುದ್ಧ ಮಾಲಿನ್ಯ ವಿವಾದಗಳ ಆಯೋಗದ ಮುಂದೆ ಹೋದರು. 1988ರಲ್ಲಿ ರಾಜಿಯಾಯಿತು: ಏಳು ತಯಾರಕರು 1990ರ ಕೊನೆಗೆ ತಯಾರಿಕೆಯನ್ನೂ 1991ರ ಮಾರ್ಚಿ ಕೊನೆಗೆ ಮಾರಾಟವನ್ನೂ ನಿಲ್ಲಿಸಲು ಒಪ್ಪಿದರು. ಕಾಯಿದೆ ಬಂದುದು ಅನಂತರ, 1990ರ ಜೂನಿನಲ್ಲಿ. ಅದು ನಿಷೇಧಿಸಿದುದು ಕೂಡ ಗೊತ್ತುಮಾಡಿದ ಪ್ರದೇಶಗಳಲ್ಲಿ ಹಿಮವಾಗಲಿ ಗಡ್ಡೆಯಾಗಲಿ ಇಲ್ಲದ ಡಾಮರಿನ ಮೇಲೆ ಮೊಳೆಯ ಟೈರನ್ನು ಓಡಿಸುವುದನ್ನು ಮಾತ್ರ. ಬೆಂಕಿ ಆರಿಸುವ ವಾಹನ, ರೋಗಿಗಳ ವಾಹನ ಮುಂತಾದುವಕ್ಕೆ ವಿನಾಯಿತಿಯಿತ್ತು. ಕಾಯಿದೆಯ ಭಾಷೆ ಇಷ್ಟು ಮೆತ್ತಗಿದ್ದರೂ ಅಂಗಡಿಯಲ್ಲಿ ಸರಕೇ ಇಲ್ಲದಂತಾದುದು ರಾಜಿಯ ಫಲ. ಇವೆರಡನ್ನೂ ಬೆರೆಸಿ ಹೇಳಿದರೆ ವಕೀಲರ ಪಾತ್ರ ಮರೆಯಾಗುತ್ತದೆ. ಮೊಳೆಯಿಲ್ಲದ ಟೈರುಗಳು 1980ರ ದಶಕದ ಆರಂಭದಲ್ಲಿಯೇ ಜಪಾನಿನಲ್ಲಿ ದೊರೆಯುತ್ತಿದ್ದುವು. ರಬ್ಬರಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳನ್ನಿರಿಸಿ ನೀರಿನ ಪೊರೆಯನ್ನು ಹೀರುವ ಬ್ರಿಡ್ಜ್‌ಸ್ಟೋನ್ ಕಂಪನಿಯ ‘ಬ್ಲಿಝಾಕ್’ ಟೈರು ಮಾರುಕಟ್ಟೆಗೆ ಬಂದುದು, ರಾಜಿಯಾದ 1988ರಲ್ಲಿಯೇ. ಶೋಧವು ಚಳವಳಿಗೆ ದಾರಿಮಾಡಿತೆನ್ನುವುದಕ್ಕಿಂತ ಚಳವಳಿಯು ಶೋಧವನ್ನು ಅವಸರಪಡಿಸಿತೆನ್ನುವುದು ನಮಗೆ ಹೆಚ್ಚು ಸಮಂಜಸವಾಗಿ ತೋರುತ್ತದೆ.

ಇದರ ಬೆಲೆಯನ್ನು ತೆತ್ತವರೂ ಇದ್ದಾರೆ. ಸೆಂಡಾಯಿಯ ಗಾಳಿ ತಿಳಿಯಾಯಿತು. ಆದರೆ ಹೊಕ್ಕಾಯಿಡೊ ದ್ವೀಪದ ಸಪ್ಪೊರೊದಲ್ಲಿ ಚಳಿಗಾಲವಿಡೀ ಹಿಮವೇ. ಮೊಳೆಗಳು ಗಡ್ಡೆಯನ್ನು ಕೆರೆದು ಒರಟಾಗಿಡುತ್ತಿದ್ದುವು. ಮೃದುವಾದ ಟೈರುಗಳು ಚೌಕಗಳಲ್ಲಿ ನಿಂತು ಹೊರಡುವಾಗ ಜಾರಿ ತಿರುಗಿ ಅದನ್ನು ಕನ್ನಡಿಯಂತೆ ಉಜ್ಜತೊಡಗಿದುವು. ‘ತ್ಸುರು-ತ್ಸುರು’ ಎಂದು ಜನರು ಕರೆದ ಈ ರಸ್ತೆಗಳಲ್ಲಿ ವಾಹನಗಳಷ್ಟೇ ಅಲ್ಲ, ನಡೆಯುವವರೂ ಜಾರಿ ಬಿದ್ದರು. ನಗರವು ರಸ್ತೆಗೆ ಮರಳು ಜಲ್ಲಿಗಳನ್ನು ಚೆಲ್ಲಬೇಕಾಯಿತು, ಕೆಲವೆಡೆ ನೆಲದಡಿಯಿಂದ ಶಾಖ ಕೊಡಬೇಕಾಯಿತು. ಸೆಂಡಾಯಿಗೆ ಹಿತವಾದ ನಿಯಮ ಸಪ್ಪೊರೊಗೂ ಅಷ್ಟೇ ಹಿತವಾಯಿತೆಂದು ಹೇಳಲು ನಾವು ಹಿಂಜರಿಯುತ್ತೇವೆ.

ಉತ್ತರ ಯೂರೋಪು ಬೇರೆ ದಾರಿ ಹಿಡಿಯಿತು. ಫಿನ್ಲೆಂಡು 1978ರಲ್ಲಿ ಚಳಿಗಾಲದ ಟೈರನ್ನು ಕಡ್ಡಾಯ ಮಾಡಿತಾದರೂ ಮೊಳೆಯನ್ನು ನಿಷೇಧಿಸಲಿಲ್ಲ; ಮೊಳೆಯ ತೂಕಕ್ಕೂ ಅದು ಹೊರಚಾಚುವ ಅಳತೆಗೂ ಮಿತಿಯಿಟ್ಟಿತು. ಸ್ಟಾಕ್‌ಹೋಮ್ ನಗರವು 2010ರಲ್ಲಿ ಹೋರ್ನ್ಸ್‌ಗಾಟನ್ ಎಂಬ ಒಂದೇ ಬೀದಿಯಲ್ಲಿ ಮೊಳೆಯ ಟೈರಿಗೆ ಪ್ರವೇಶ ನಿರಾಕರಿಸಿತು. ನಾರ್ವೆಯ ಓಸ್ಲೊ ನಗರ 1999ರಲ್ಲಿ ಮೊಳೆಯ ಟೈರಿನ ಮೇಲೆ ಸುಂಕ ಹೇರಿತು. ಕೊಡಲೊಲ್ಲದವನು ಮೊಳೆ ಬಿಡಬಹುದು. ಬೆಟ್ಟದ ಹಳ್ಳಿಯಿಂದ ಬರುವವನು ಸುಂಕ ತೆತ್ತು ಮೊಳೆಯೊಡನೆಯೇ ಬರಬಹುದು. ಆ ಸುಂಕವನ್ನು 2001ರಲ್ಲಿ ತೆಗೆದುಹಾಕಿದರು. 2004ರಲ್ಲಿ ಮತ್ತೆ ವಿಧಿಸಿದರು.